ಎರಡು ರೂಪಾಯಿಯ ಶೇರು

ನಮ್ಮ ಪುತ್ತೂರಿನಲ್ಲಿ ಈಗ ಶೇರಿನ ಸುದ್ದಿ ಇಲ್ಲದೆ ಕ್ಷೌರವೂ ಮುಗಿಯುವುದಿಲ್ಲ. ನನಗೆ ಅದು ಬೇಡವಾಗಿತ್ತು. ಪಕ್ಕದ ಮನೆಯವನು ಬಿಡಲಿಲ್ಲ.

ಬಿಸಿ ಗಾಳಿ

ಯಾರೂ ಹೆಸರು ಕೇಳದ ಕಂಪನಿಯ ಶೇರನ್ನು ಅವನು ಎರಡು ರೂಪಾಯಿಗೆ ತೆಗೆದುಕೊಂಡ. ಅದು ಒಂಬತ್ತಾಯಿತು. ಸ್ವಲ್ಪ ಮಾರಿ ಎ.ಸಿ. ಹಾಕಿಸಿದ.

"ಒಳ್ಳೆ ತಂಪು ಉಂಟು ಮಾರಾಯ್ರೆ, ಒಮ್ಮೆ ಬನ್ನಿ" ಎಂದ.

ಹೋಗಲಿಲ್ಲ. ಎ.ಸಿ.ಯ ಹೊರಗಿನ ಡಬ್ಬ ನನ್ನ ಕಿಟಕಿಯ ಎದುರೇ ಇದೆ. ತಂಪು ಅವನಿಗೆ, ಬಿಸಿ ಗಾಳಿ ನನಗೆ.

ಪಂಪಿನ ಹಣ

ಬಾವಿಗೆ ಹೊಸ ಪಂಪು ಹಾಕಿಸಲು ನಲವತ್ತು ಸಾವಿರ ಇಟ್ಟಿದ್ದೆ. ಹೆಂಡತಿಗೆ ಹೇಳದೆ ಸುಳ್ಯದ ಶೇರು ಆಫೀಸಿಗೆ ಹೋದೆ.

ಅಲ್ಲಿನ ಹುಡುಗಿ ಹೇಳಿದಳು: "ಇಂಥ ಸಣ್ಣ ಶೇರು ಏರಿದರೆ ಹತ್ತು ಪಟ್ಟು. ಬಿದ್ದರೆ ಕೊಳ್ಳುವವರೇ ಇಲ್ಲ. ಹೋದರೂ ಬೇಸರ ಆಗದಷ್ಟು ಹಣ ಮಾತ್ರ ಹಾಕಿ ಅಜ್ಜ."

"ನನಗೆ ಹತ್ತು ರೂಪಾಯಿ ಹೋದರೂ ಬೇಸರ."

"ಹಾಗಾದರೆ ಪುತ್ತೂರು ಬಸ್ಸು ಎದುರೇ ನಿಲ್ಲುದು."

ಕಡಬದವರ ಲೆಕ್ಕ

ಕಡಬದಲ್ಲಿ ರಬ್ಬರ್ ತೋಟದವರೊಬ್ಬರು ಇಂಥದ್ದನ್ನೇ ಕೊಂಡಿದ್ದರು.

"ಎಂತ ನೋಡಿ ತಗೊಂಡದ್ದು?" ಎಂದೆ.

"ರೇಟು. ಎರಡು ರೂಪಾಯಿಯ ಶೇರು ಬಿದ್ದರೆ ಎಷ್ಟು ಬೀಳ್ತದೆ? ಎರಡು ರೂಪಾಯಿ!"

"ಬಿತ್ತಾ?"

"ಎರಡೇ ರೂಪಾಯಿ ಬಿದ್ದದ್ದು. ಆದರೆ ನನ್ನ ಹತ್ತಿರ ಐವತ್ತು ಸಾವಿರ ಶೇರು ಇತ್ತು."

ಡಬ್ಬಲ್ ಚೋಲ್

ಇಷ್ಟು ಕೇಳಿಯೂ ಹಾಕಿದೆ. ಪಕ್ಕದವನ ಶೇರನ್ನೇ, ಒಂಬತ್ತಕ್ಕೆ. ಅದು ಆರಕ್ಕೆ ಇಳಿದಾಗ ಹೆಂಡತಿಗೆ ಗೊತ್ತಾಯಿತು.

"ಈಗಲೇ ಮಾರಿ ಬಿಡಿ" ಎಂದಳು.

"ಅಡಿಕೆ ಎರಡು ವರ್ಷ ಇಟ್ಟರೆ ಡಬ್ಬಲ್ ಚೋಲ್ ಅಂತ ಹಳೆ ಅಡಿಕೆ ಆಗ್ತದೆ. ಹಳತಾದಷ್ಟು ರೇಟು. ಇದೂ ಹಳತಾಗಲಿ."

"ಅಡಿಕೆಗೆ ರೇಟು ಬಾರದಿದ್ದರೆ ಎಲೆಯೊಟ್ಟಿಗೆ ತಿನ್ನಬಹುದು. ಇದನ್ನು ಎಂತ ಮಾಡುದು?"

ಐದು ಲಕ್ಷದವನು

ಹಳತಾಯಿತು. ಮೂವತ್ತು ಪೈಸೆ ಆಯಿತು. ಕೊಳ್ಳುವವರಿಲ್ಲ. ಪಂಪಿನ ಹಣ ಹೋಯಿತು.

ಆಮೇಲೆ ಗೊತ್ತಾಯಿತು, ಪಕ್ಕದವನು ಬಂದ ಲಾಭವನ್ನೂ ಇದ್ದ ಉಳಿತಾಯವನ್ನೂ ಅದಕ್ಕೇ ಹಾಕಿದ್ದನಂತೆ. ಎಲ್ಲ ಹೋಗಿದೆ. ನನಗೆ ಆ ದಿನ ಊಟ ಸೇರಿತು.

ಮರುದಿನ ಅವನ ಮುಖ ನೋಡಲಿಕ್ಕೆಂದೇ ಹೋಟೆಲಿಗೆ ಹೋದೆ. ಊರೇ ಅವನ ಸುತ್ತ ಕೂತಿತ್ತು.

"ಛೆ, ಐದು ಲಕ್ಷವಾ!" ಎಂದು ಒಬ್ಬ ಅವನ ಬೆನ್ನು ಸವರುತ್ತಿದ್ದ. ಹೋಟೆಲಿನವರು ಚಾ, ಬನ್ಸ್ ತಂದಿಟ್ಟು "ನಿಮ್ಮ ಹತ್ತಿರ ಹಣ ತಗೊಳ್ಳುದಿಲ್ಲ" ಎಂದರು.

ನಾನು ನನ್ನ ಚಾ ಮುಗಿಸಿ ಗಂಟಲು ಸರಿ ಮಾಡಿಕೊಂಡೆ. "ನನ್ನದೂ ಹೋಗಿದೆ. ನಲವತ್ತು ಸಾವಿರ."

ಹೋಟೆಲಿನವರು ತಿರುಗಿ ನೋಡಿದರು.

"ಅಷ್ಟೆಯಾ ಮಾರಾಯ್ರೆ? ಚಾಕ್ಕೆ ಚಿಲ್ಲರೆ ಕೊಡಿ."