ಬಿಚ್ಚಿಕೊಂಡ ಮೂರನೆಯ ಗುಂಡಿಯ ವಿಷಯವಾಗಿ

ಮಾನ್ಯ ವಿಮರ್ಶಕರೇ, ಪ್ರಾಧ್ಯಾಪಕರೇ, ಪರೀಕ್ಷಕರೇ (ಮೂವರೂ ತಾವೊಬ್ಬರೇ ಆಗಿರುವುದರಿಂದ ಒಂದೇ ಪತ್ರದಲ್ಲಿ ಮೂರು ನಮಸ್ಕಾರಗಳು),

ತಾವು ಕ್ಷೇಮವೆಂದೂ, ಆ ಹಳೆಯ ಸಸ್ಪೆನ್ಸ್ ಚಿತ್ರದ ಬಗ್ಗೆ ತಮ್ಮ ಹದಿನೈದನೆಯ ಲೇಖನ ಸುಖವಾಗಿ ಬೆಳೆಯುತ್ತಿದೆಯೆಂದೂ ನಂಬಿದ್ದೇನೆ. ನಾನು ಆ ಚಿತ್ರದ ಕಂಟಿನ್ಯುಟಿ ನೋಡಿಕೊಳ್ಳುತ್ತಿದ್ದವಳು. ಹಾಗೆಂದರೆ, ಸೋಮವಾರ ತೆಗೆದ ಶಾಟ್‌ನಲ್ಲಿ ಲೋಟದೊಳಗೆ ಎಷ್ಟು ನೀರಿತ್ತೋ ಗುರುವಾರದ ಶಾಟ್‌ನಲ್ಲೂ ಅಷ್ಟೇ ಇರಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಕಾಯುವವಳು. ತೆರೆಯ ಮೇಲೆ ನನ್ನ ಹೆಸರಿಲ್ಲ. ಹುಡುಕುವ ಶ್ರಮ ತೆಗೆದುಕೊಳ್ಳಬೇಡಿ.

ನಾಯಕಿ ಸ್ವೆಟರಿನ ಮೂರೂ ಗುಂಡಿ ಹಾಕಿಕೊಂಡು ಮೆಟ್ಟಿಲು ಹತ್ತುತ್ತಾಳೆ. ಕೊಲೆಗಾರ ಅಡಗಿರುವ ಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ಮೂರನೆಯದು ಬಿಚ್ಚಿಕೊಂಡಿರುತ್ತದೆ. ಅದನ್ನು ತಾವು ‘ಸುಪ್ತಮನಸ್ಸಿನ ಬೀಗ ತೆರೆದ ಗಳಿಗೆ’ ಎಂದು ಕರೆದು ಇಪ್ಪತ್ತೆರಡು ಪುಟ ಬರೆದಿರಿ. ತಮ್ಮನ್ನು ಖಂಡಿಸಿದ ಇನ್ನೊಬ್ಬ ಪಂಡಿತರು ಅದು ಹೆಣ್ಣಿನ ಬಂಡಾಯವೆಂದರು. ಮತ್ತೊಬ್ಬರು, ಸಾವು ಮೊದಲು ಬೆರಳಿಟ್ಟ ಜಾಗವೆಂದರು. ಲೋಕದ ಜನ ಬೆಟ್ಟ ಅಗೆದು ಇಲಿ ಹಿಡಿಯುತ್ತಾರೆ. ತಾವುಗಳು ಇಲಿಯ ಬಿಲ ಅಗೆದು ಬೆಟ್ಟವನ್ನೇ ಹೊರತೆಗೆದಿರಿ. ಈ ಸಾಮರ್ಥ್ಯಕ್ಕೆ ನನ್ನ ಸಾಷ್ಟಾಂಗ ಪ್ರಣಾಮ. ಮಂಡಿ ನೋವಿರುವುದರಿಂದ ಮನಸ್ಸಿನಲ್ಲೇ.

ನಡೆದದ್ದು ಇಷ್ಟು. ಮೆಟ್ಟಿಲಿನ ಶಾಟ್ ಸೋಮವಾರವೇ ಮುಗಿದಿತ್ತು; ಕೋಣೆಯ ಶಾಟ್ ಇದ್ದ ಗುರುವಾರ ಮಧ್ಯಾಹ್ನ ನಾಯಕಿ ಹೊಟ್ಟೆ ತುಂಬ ಊಟ ಮಾಡಿ ಬಂದು, ಬಿಗಿಯಾಯಿತೆಂದು ಕೆಳಗಿನ ಗುಂಡಿ ಬಿಚ್ಚಿದರು. ಅದನ್ನು ನೋಡಿ ಹಾಕಿಸಬೇಕಾದ ನಾನು ಸ್ಟುಡಿಯೋ ಆಫೀಸಿನಲ್ಲಿ ಫೋನು ಹಿಡಿದು ನಿಂತಿದ್ದೆ, ಏಕೆಂದರೆ ಮೂರು ವರ್ಷದ ನನ್ನ ಮಗಳು ಮೂಗಿನೊಳಗೆ ಬಟಾಣಿ ಕಾಳು ತುರುಕಿಕೊಂಡಿದ್ದಾಳೆಂದು ಪಕ್ಕದ ಮನೆಯಾಕೆ ಅಳುತ್ತ ಕರೆ ಮಾಡಿದ್ದರು. ನಾನು ವಾಪಸು ಬರುವಷ್ಟರಲ್ಲಿ ಶಾಟ್ ಮುಗಿದಿತ್ತು. ಬಟಾಣಿಯನ್ನು ಡಾಕ್ಟರು ಸಂಜೆಯೊಳಗೆ ತೆಗೆದರು. ಗುಂಡಿಯನ್ನು ಮತ್ತೆ ಹಾಕಲು ಯಾರಿಂದಲೂ ಆಗಲಿಲ್ಲ, ಏಕೆಂದರೆ ತಪ್ಪು ಕಣ್ಣಿಗೆ ಬಿದ್ದಾಗ ಆ ಕೋಣೆಯ ಸೆಟ್ಟನ್ನು ಕಳಚಿಯಾಗಿತ್ತು.

ನಿರ್ದೇಶಕರು ನನ್ನನ್ನು ತಪ್ಪು ಕಂಡ ದಿನವೇ ಕೆಲಸದಿಂದ ತೆಗೆದರು. ತಪ್ಪು ನನ್ನದೇ, ತಲೆತಗ್ಗಿಸಿ ಹೊರಗೆ ಬಂದೆ. ಆಮೇಲೆ ಯಾವ ಸೆಟ್ಟಿಗೂ ಯಾರೂ ಕರೆಯಲಿಲ್ಲ. ಇಪ್ಪತ್ತಾರು ವರ್ಷ ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಟ್ಟೆ. ಒಂದೂ ಅದಲುಬದಲಾಗಲಿಲ್ಲ, ಅದರ ಬಗ್ಗೆ ಯಾರೂ ಲೇಖನ ಬರೆಯಲಿಲ್ಲ. ಅದೇ ನಿರ್ದೇಶಕರನ್ನು ತಾವು ಟೀವಿಯಲ್ಲಿ ಗುಂಡಿಯ ರಹಸ್ಯ ಕೇಳಿದಾಗ ಅವರು ಮುಗುಳ್ನಕ್ಕು, ಅದನ್ನು ಪ್ರೇಕ್ಷಕರೇ ಕಂಡುಕೊಳ್ಳಬೇಕು ಎಂದರು. ತಾವು ಗದ್ಗದಿತರಾದಿರಿ. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗೇಕೆ ತೆರೆದೆನೆಂದರೆ, ಬಟಾಣಿಯ ಆ ಮಗಳ ಮಗಳು ತಮ್ಮ ವಿದ್ಯಾರ್ಥಿನಿ. ಮೂರನೆಯ ಗುಂಡಿಯ ಸಾಂಕೇತಿಕತೆಯನ್ನು ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆಗೆ ಅವಳು, ಅದು ಸಂಕೇತವಲ್ಲ ತಪ್ಪು, ಮಾಡಿದ್ದು ನನ್ನ ಅಜ್ಜಿ, ಅದಕ್ಕಾಗಿ ಅವರ ಕೆಲಸ ಹೋಯಿತು ಎಂದು ಮೂರೇ ವಾಕ್ಯ ಬರೆದಳು. ತಾವು ಸೊನ್ನೆ ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಆಧಾರ?’ ಎಂದು ಕೇಳಿದಿರಿ. ನಾಲ್ಕು ಅಂಕ ಕಡಿಮೆಯಾಗಿ ಹುಡುಗಿ ಫೇಲಾದಳು. ಮುಂದಿನ ತಿಂಗಳು ಮರುಪರೀಕ್ಷೆ; ತಮ್ಮ ಗುಂಡಿಯ ಪ್ರಶ್ನೆ ಅದರಲ್ಲೂ ತಪ್ಪುವುದಿಲ್ಲ. ಅದರಲ್ಲೂ ಹೋದರೆ ಅವಳಿಗೆ ಒಂದು ವರ್ಷ ಮಣ್ಣುಪಾಲು.

ಆಧಾರ ಲಗತ್ತಿಸಿದ್ದೇನೆ: ನನ್ನನ್ನು ತೆಗೆದುಹಾಕಿದ ಪತ್ರ, ‘ಗುಂಡಿಯ ವಿಷಯದಲ್ಲಿ ಅಕ್ಷಮ್ಯ ಅಜಾಗರೂಕತೆ’ ಎಂಬ ಮಾತಿನೊಂದಿಗೆ, ಕೆಳಗೆ ತಮ್ಮ ಆರಾಧ್ಯ ನಿರ್ದೇಶಕರ ಸಹಿ. ಅದು ಮಹಾಪ್ರತಿಭೆಯೇ ಎಂದು ತಾವು ಈಗಲೂ ಹಟ ಹಿಡಿಯುವುದಾದರೆ, ದಯವಿಟ್ಟು ಆ ಪ್ರತಿಭೆಯನ್ನು ನಾಯಕಿಯ ಹೊಟ್ಟೆಗೂ, ಬಟಾಣಿಗೂ, ನನಗೂ ಸಮನಾಗಿ ಹಂಚಿ, ನಲವತ್ತು ವರ್ಷದ ಹಿಂದಿನ ಆ ದಿನದಿಂದಲೇ ನನ್ನನ್ನು ಮತ್ತೆ ಕೆಲಸಕ್ಕೆ ಸೇರಿಸಿ. ನಿನ್ನೆ ನಾನು ಒಲೆಯ ಮೇಲಿಟ್ಟು ಮರೆತ ಹಾಲು ಉಕ್ಕಿ ಹರಿಯಿತು; ಅದರಲ್ಲೂ ಏನಾದರೂ ಬಂಡಾಯ ಕಂಡರೆ ತಿಳಿಸಿ, ಒರೆಸದೆ ಹಾಗೇ ಬಿಟ್ಟಿರುತ್ತೇನೆ.

ನಾನು ಹೆದರುಪುಕ್ಕಿ, ಮಾನ್ಯರೇ. ಈ ಸಲ ಮೇಷ್ಟ್ರಿಗೆ ಬೇಕಾದ್ದನ್ನೇ ಬರೆದು ಪಾಸಾಗು ಎಂದು ಮೊಮ್ಮಗಳಿಗೆ ಬುದ್ಧಿ ಹೇಳಿದೆ. ತಮ್ಮ ಲೇಖನದ ಹದಿನಾಲ್ಕನೆಯ ಪುಟವನ್ನು ನಾನೇ ಉರು ಹೊಡೆದು ಅವಳಿಗೆ ಹೇಳಿಕೊಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದ್ದಿಷ್ಟು: “ಅಜ್ಜಿ, ನೀನು ತಪ್ಪು ಮಾಡ್ದೆ, ಒಪ್ಕೊಂಡೆ, ಕೆಲಸಾನೂ ಕಳ್ಕೊಂಡೆ. ಈಗ ಆ ತಪ್ಪನ್ನೂ ಅವರಿಗೇ ಬಿಟ್ಟುಕೊಡಬೇಕಾ?”

ಅವಳು ಮತ್ತೆ ಅದೇ ಮೂರು ವಾಕ್ಯ ಬರೆಯಲಿದ್ದಾಳೆ. ಅಂಕ ಕೊಡುವುದೂ ಬಿಡುವುದೂ ತಮ್ಮ ಕೈಯಲ್ಲಿದೆ. ಆದರೆ ಅಷ್ಟು ದೊಡ್ಡ ಚಿತ್ರದಲ್ಲಿ ನನ್ನದು ಎನ್ನುವಂಥದ್ದು ಅದೊಂದೇ ತಪ್ಪು. ಅದನ್ನು ನನಗೆ ವಾಪಸು ಕೊಡಿ.

ತಮ್ಮ ವಿಶ್ವಾಸಿ,
ತಮ್ಮ ಇಪ್ಪತ್ತೆರಡು ಪುಟಗಳಿಗೆ ಅರಿವಿಲ್ಲದೆ ಕಾರಣಳಾದವಳು

ಮರೆತಿದ್ದ ಮಾತು: ಕೊನೆಯ ದೃಶ್ಯದಲ್ಲಿ, ನೆಲದ ಮೇಲೆ ಬಿದ್ದಿರುವ ಹೆಣ ಒಮ್ಮೆ ಉಗುಳು ನುಂಗುತ್ತದೆ. ಹದಿನಾಲ್ಕು ಲೇಖನಗಳಲ್ಲಿ ತಾವು ಅದನ್ನು ಗಮನಿಸಿದಂತಿಲ್ಲ. ಆ ಹೊತ್ತಿಗೆ ನನ್ನನ್ನು ಮನೆಗೆ ಕಳಿಸಿಯಾಗಿತ್ತು. ಆದ್ದರಿಂದ ಅದರ ಬಗ್ಗೆ ತಾವು ಎಷ್ಟು ಪುಟ ಬರೆದರೂ ನನ್ನ ತಕರಾರಿಲ್ಲ.