ಮ್ಯಾಚಿಗೆ ಮುಂಚೆ ಮಗಳಿಗೊಂದು ತುತ್ತು

ಆದವಾನಿಯ ಹತ್ತಿ ಪ್ರೆಸ್ಸಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ನನಗೆ ಸುಲಭವೆಂದು ಕಾಣುತ್ತಿದ್ದ ಕೆಲಸಗಳು ಬಹಳ ಇದ್ದವು. ನಾಲ್ಕು ವರ್ಷದ ಮಗುವಿಗೆ ಊಟ ಮಾಡಿಸುವುದು ಅವುಗಳಲ್ಲಿ ಮೊದಲನೆಯದು. ಆ ಕೆಲಸವನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಮಾಡಿರಲಿಲ್ಲ. ಅದಕ್ಕೇ ಸುಲಭವಾಗಿ ಕಾಣುತ್ತಿತ್ತು!

ನಮ್ಮ ಮಗಳು ಸುಶೀಲೆಗೂ ಅನ್ನಕ್ಕೂ ಹುಟ್ಟಿದಂದಿನಿಂದ ಆಗಿಬರುತ್ತಿರಲಿಲ್ಲ. ನನ್ನ ಹೆಂಡತಿ ನೀಲಮ್ಮ ಬಟ್ಟಲು ಹಿಡಿದು ಅಂಗಳ, ಮಾಳಿಗೆ, ಪಕ್ಕದ ಮನೆಯ ದನದ ಕೊಟ್ಟಿಗೆ ಎಲ್ಲ ಸುತ್ತಿ ಬರುವಷ್ಟರಲ್ಲಿ ಬಟ್ಟಲು ಹಾಗೆಯೇ ಇರುತ್ತಿತ್ತು, ನೀಲಮ್ಮ ಅರ್ಧ ಆಗಿರುತ್ತಿದ್ದಳು.

ಬೇಸಿಗೆಯ ಒಂದು ಭಾನುವಾರ ನಮ್ಮ ಪ್ರೆಸ್ಸಿನ ತಂಡಕ್ಕೂ ಗುಂತಕಲ್ಲಿನ ತಂಡಕ್ಕೂ ಫುಟ್‌ಬಾಲ್ ಮ್ಯಾಚು ಗೊತ್ತಾಯಿತು. ನಮ್ಮ ತಂಡವನ್ನು ಕಟ್ಟಿದವರು ಸ್ವತಃ ಮ್ಯಾನೇಜರ್ ಸಾಹೇಬರು. ಗುಮಾಸ್ತರೆಲ್ಲ ಬಂದು ಚಪ್ಪಾಳೆ ತಟ್ಟಬೇಕೆಂದು ಅವರ ಅಪ್ಪಣೆ. ಹೆಡ್ ಗುಮಾಸ್ತರ ಕುರ್ಚಿ ಸದ್ಯದಲ್ಲೇ ಖಾಲಿಯಾಗುವುದಿತ್ತು. ಆದ್ದರಿಂದ ಆದವಾನಿಯಲ್ಲೇ ಅತಿ ಜೋರಾದ ಚಪ್ಪಾಳೆ ನನ್ನದಾಗಿರಬೇಕೆಂದು ನಾನು ನಿಶ್ಚಯಿಸಿದ್ದೆ.

ಅದೇ ದಿನ ನೀಲಮ್ಮ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮಾಳಿಗೆಯ ಮೇಲೆ ಶಾವಿಗೆ ಹೊಸೆಯಲು ಕೂತಿದ್ದಳು. ಸುಶೀಲೆ ಹಿಟ್ಟಿನಲ್ಲಿ ಮೊಣಕೈವರೆಗೆ ಇಳಿದಿದ್ದಳು.

"ಈಕಿನ್ನ ನಿಮ್ ಜೋಡಿ ಕರಕೊಂಡು ಹೋಗ್ರಿ," ಎಂದಳು ನೀಲಮ್ಮ. "ಇಲ್ಲಿದ್ರ ಶಾವಿಗಿ ಆಗಂಗಿಲ್ಲ. ಆದ್ರ ಮುಂಜಾನಿಂದ ಏನೂ ಉಂಡಿಲ್ಲ ಆಕಿ. ಎಲ್ಲಿ ಉಣಿಸ್ತೀರಿ?"

"ಊರ ತುಂಬ ಹೋಟ್ಲ ಅದಾವ. ಒಂದರಾಗ ಕುಂದ್ರಸ್ತೀನಿ, ಉಣಿಸ್ತೀನಿ, ಮ್ಯಾಚಿಗೆ ಹೋಗ್ತೀನಿ. ಅದಕ್ಕೇನು ಪಂಚಾಂಗ ನೋಡಬೇಕಾ?"

ಓಣಿಯ ಹೆಂಗಸರು ಶಾವಿಗೆ ಬಿಟ್ಟು ನನ್ನ ಮುಖ ನೋಡಿದರು. ಅದು ಮೆಚ್ಚುಗೆ ಎಂದು ತಿಳಿದೆ.

ಮೊದಲು ಮಾರ್ಕೆಟ್ಟಿನ ಹತ್ತಿರದ ಕಾಫಿ ಹೋಟೆಲ್ಲಿಗೆ ಹೋದೆವು. ಕಲ್ಲಿನ ಮೇಜು, ಉದ್ದನೆಯ ಬೆಂಚು, ಗೋಡೆಯ ತುಂಬ ಕನ್ನಡಿ. ಸುಶೀಲೆಯನ್ನು ಬೆಂಚಿನ ಮೇಲೆ ಕೂರಿಸಿದರೆ ಮೇಜಿನ ಮೇಲೆ ಅವಳ ಜುಟ್ಟು ಮಾತ್ರ ಕಂಡಿತು. ಮಾಣಿ ಬಂದ.

"ಸಣ್ಣ ಮಕ್ಕಳಿಗೆ ಏನೈತಪಾ ನಿಮ್ಮಲ್ಲಿ?" ಎಂದು ಗಂಭೀರವಾಗಿ ಕೇಳಿದೆ.

ಅವನು ಜುಟ್ಟನ್ನು ನೋಡಿದ. "ಏನೂ ಇಲ್ಲರಿ. ದೊಡ್ಡಾಕಿ ಆದ ಮ್ಯಾಲೆ ಕರಕೊಂಡು ಬರ್ರಿ."

ನಾನು ಸೋಲುವವನಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಊಟ ತರಿಸಿದೆ. ಎಲೆ ಬಂತು, ಅನ್ನ ಬಂತು, ಕುದಿಯುವ ಸಾರು ಬಂತು. ಎಲೆಯ ಹಸಿರು ಅವಳಿಗೆ ಬಹಳ ಇಷ್ಟವಾಯಿತು. ತುದಿ ಹಿಡಿದು ಎಳೆದಳು. ಎಲೆಯೊಂದಿಗೆ ಅನ್ನವೂ, ಅನ್ನದೊಂದಿಗೆ ಸಾರೂ ಪ್ರಯಾಣ ಹೊರಟವು. ಮೇಜಿನ ಆಚೆ ಬದಿಯಲ್ಲಿ ಹತ್ತಿ ದಲ್ಲಾಳಿ ಸಿದ್ದಲಿಂಗಪ್ಪನವರು ಹೊಸ ಧೋತರ ಉಟ್ಟು ಕಾಫಿ ಕುಡಿಯುತ್ತಿದ್ದರು. ಸಾರು ಅಲ್ಲಿಗೆ ತಲುಪಿತು. ಅಷ್ಟು ಭಾರಿ ಮನುಷ್ಯ ಅಷ್ಟು ಎತ್ತರಕ್ಕೆ ಹಾರಬಲ್ಲರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ!

ಕ್ಷಮೆ ಕೇಳುತ್ತ ಹಿಂದಕ್ಕೆ ಹಿಂದಕ್ಕೆ ನಡೆದು ಬೀದಿಗೆ ಬಂದೆ.

ಬೆಂಚಿನದೇ ತಪ್ಪು ಎಂದುಕೊಂಡೆ. ನೆಲದ ಮೇಲೆ ಕೂರಿಸುವ ಜಾಗ ಬೇಕು. ಗೌರಮ್ಮನ ಖಾನಾವಳಿ ನೆನಪಾಯಿತು. ತಂಪಾದ ಕಲ್ಲುಹಾಸು, ಮಣೆ, ಬೆಣ್ಣೆ ಸವರಿದ ಜೋಳದ ರೊಟ್ಟಿ. ಗೌರಮ್ಮ ಮಗುವಿನ ಗಲ್ಲ ಹಿಂಡಿ, "ನಮ್ಮವ್ವ, ಎಷ್ಟ್ ಬಡಕಾಗಿ ಅದಾಳ್ರಿ! ನಾ ಉಣಿಸ್ತೀನಿ ಬಿಡ್ರಿ," ಎಂದು ಹಿತ್ತಿಲ ಬಾಗಿಲ ಪಕ್ಕ ಮಣೆ ಹಾಕಿ, ತಟ್ಟೆಗೆ ರೊಟ್ಟಿ ಬಡಿಸಿ ಒಳಗೆ ಹೋದಳು.

ನಾನು ಕಣ್ಣು ಮುಚ್ಚಿ ಗೋಡೆಗೆ ಒರಗಿದೆ. ಕಣ್ಣು ಬಿಟ್ಟಾಗ ಸುಶೀಲೆಯ ತಟ್ಟೆ ಖಾಲಿ! ನನ್ನ ಎದೆ ಉಬ್ಬಿತು.

"ಗೌರಮ್ಮಾ, ಇನ್ನೊಂದು ರೊಟ್ಟಿ ತರ್ರಿ!"

ಅದೂ ಖಾಲಿ. ಮತ್ತೊಂದು ಬಂತು, ಅದೂ ಖಾಲಿ. ಹೆತ್ತ ತಾಯಿಗೆ ಆಗದ್ದು ನನ್ನಿಂದ ಆಗಿತ್ತು. ಓಣಿಯ ಹೆಂಗಸರಿಗೆ ಇದನ್ನು ಯಾವ ಮಾತುಗಳಲ್ಲಿ ಹೇಳಬೇಕೆಂದು ಯೋಚಿಸುತ್ತಿರುವಾಗ ಯಾರೋ ನನ್ನ ಉತ್ತರೀಯ ಎಳೆದರು. ತಿರುಗಿದೆ. ಹಿತ್ತಿಲ ಬಾಗಿಲಲ್ಲಿ ಗಡ್ಡದ ಆಡೊಂದು ನಿಂತು, ರೊಟ್ಟಿ ಮುಗಿದದ್ದರಿಂದ ನನ್ನ ಉತ್ತರೀಯಕ್ಕೆ ಕೈ, ಅಲ್ಲ, ಬಾಯಿ ಹಾಕಿತ್ತು.

"ಅಪ್ಪಾ, ಅದಕ್ಕ ಭಾಳ ಹಸಿವಿ ಆಗೈತಿ," ಎಂದಳು ಮಗಳು, ಕಣ್ಣರಳಿಸಿ.

"ನಮ್ಮ ಆಡಿಗೆ ಮಕ್ಕಳಂದ್ರ ಪ್ರಾಣ ನೋಡ್ರಿ," ಎಂದಳು ಗೌರಮ್ಮ.

ಅಂಚು ಹರಿದ ಉತ್ತರೀಯ ಹೊದ್ದು ಕೋಟೆ ಗುಡ್ಡದ ಬುಡದ ಬಯಲಿಗೆ ಬಂದೆವು. ಜನ ಸೇರುತ್ತಿದ್ದರು. ಬಯಲಿನ ಪಕ್ಕದ ಛತ್ರದ ಮುಂದೆ ಒಬ್ಬ ಉಗ್ಗಾಣಿ ಮತ್ತು ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದ. ಒಗ್ಗರಣೆ ಹಾಕಿದ ಮಂಡಕ್ಕಿ ತಾನೆ, ಇದನ್ನು ಮಕ್ಕಳು ತಿನ್ನಲೇಬೇಕು. ಅವಳು ತಿನ್ನಲಿಲ್ಲ.

"ನೋಡು, ಅಪ್ಪ ಹೆಂಗ ತಿಂತಾನ ನೋಡು! ಆಹಾ!" ಎಂದು ಅವಳನ್ನು ಹುರಿದುಂಬಿಸಲು ಇಡೀ ಬಜ್ಜಿಯೊಂದನ್ನು ಬಾಯಿಗೆ ಹಾಕಿಕೊಂಡೆ. ಅದು ಬಜ್ಜಿಯಲ್ಲ, ಕಡಲೆಹಿಟ್ಟು ಹೊದ್ದ ಕೆಂಡ! ಕಣ್ಣು ಕತ್ತಲಾಯಿತು, ಕಿವಿಯಲ್ಲಿ ಪ್ರೆಸ್ಸಿನ ಸೀಟಿ ಕೂಗಿತು. ನೀರು, ನೀರು ಎಂದು ಬಕೆಟ್ಟಿಗೇ ಬಾಯಿ ಹಾಕಿದೆ. ಕಣ್ಣೊರೆಸಿಕೊಂಡು ನೋಡಿದರೆ ಮಗಳು ಇಲ್ಲ.

ಆಗ ನನ್ನ ನಗೆ, ಜಂಬ, ಖಾರ ಎಲ್ಲ ಒಮ್ಮೆಗೇ ಇಳಿದವು. ಜನರ ಕಾಲುಗಳ ನಡುವೆ ಬಗ್ಗಿ ಬಗ್ಗಿ ಹುಡುಕಿದೆ. "ಸುಶೀ! ಸುಶೀ!" ಎಂದು ಕೂಗಿದರೆ ಬಜ್ಜಿಯಿಂದ ದಪ್ಪಗಾದ ನಾಲಿಗೆಯಲ್ಲಿ "ತುತೀ, ತುತೀ" ಎಂದು ಹೊರಟಿತು. ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಬಜ್ಜಿಯವನೇ ಛತ್ರದ ಕಡೆ ಕೈ ತೋರಿಸಿದ. ಓಡಿದೆ.

ಬೆಳಗಿನ ರೈಲಿಗೆ ಬಂದಿದ್ದ ಗುಂತಕಲ್ಲಿನ ತಂಡ ಛತ್ರದ ಜಗುಲಿಯಲ್ಲಿ ಊಟಕ್ಕೆ ಕೂತಿತ್ತು. ಸಾಲಿನ ಕೊನೆಗೆ ಒಬ್ಬ ಮನುಷ್ಯ. ಮನುಷ್ಯನೆನ್ನಲು ನಾಲಿಗೆ ಹಿಂಜರಿಯಿತು. ನಮ್ಮ ಕೋಟೆ ಗುಡ್ಡದ ಒಂದು ಬಂಡೆ ಇಳಿದು ಬಂದು ಪದ್ಮಾಸನ ಹಾಕಿದಂತಿತ್ತು. ಅವನು ಅವರ ಗೋಲ್‌ಕೀಪರು ನರಸಿಂಹುಲು. ಅವನ ಮುಂದೆ ಮೊಸರನ್ನದ ಬೆಟ್ಟ. ಬೆಟ್ಟದ ಆಚೆಗೆ ನನ್ನ ಮಗಳು!

ಅವನು ಉಣ್ಣುವುದನ್ನು ಅವಳು ನೋಡುತ್ತಿದ್ದಳು. ಅಂಗೈಯಲ್ಲಿ ತೆಂಗಿನಕಾಯಿಯಷ್ಟು ತುತ್ತು ಏಳುತ್ತಿತ್ತು, ಮೀಸೆಯ ಕೆಳಗೆ ಮಾಯವಾಗುತ್ತಿತ್ತು. ಆ ವಿಸ್ಮಯಕ್ಕೆ ಸುಶೀಲೆಯ ಬಾಯಿ ತಾನೇ ತೆರೆಯುತ್ತಿತ್ತು. ತೆರೆದಾಗಲೆಲ್ಲ ಅವನು ಎರಡು ಬೆರಳಲ್ಲಿ ಗುಬ್ಬಿಗೆ ಹಾಕುವಷ್ಟು ಅನ್ನ ಚಿವುಟಿ ಒಳಗೆ ಇಡುತ್ತಿದ್ದ. ಅವಳು ನುಂಗುತ್ತಿದ್ದಳು. ಮತ್ತೆ ಬೆರಗು, ಮತ್ತೆ ಬಾಯಿ, ಮತ್ತೆ ತುತ್ತು! ಇಡೀ ಆದವಾನಿಯಲ್ಲಿ ನಾನು ಹುಡುಕುತ್ತಿದ್ದ ಹೋಟೆಲು ಇಲ್ಲಿ ಜಗುಲಿಯ ಮೇಲೆ ಕೂತಿತ್ತು.

"ನಿಮ್ ಪಾಪಾನಾ ಸಾಮೀ? ಚಾಲಾ ಚೆಂದ ಉಣ್ತಾಳ," ಎಂದ ನರಸಿಂಹುಲು, ತೆಲುಗು ಬೆರೆತ ಕನ್ನಡದಲ್ಲಿ. ಗುಡುಗು ಪಿಸುಗುಟ್ಟಿದಂಥ ದನಿ.

ಕಂಬಕ್ಕೆ ಒರಗಿ ನೋಡುತ್ತ ನಿಂತೆ. ಅವಳು ತೇಗಿದಾಗ ನನ್ನ ಕಣ್ಣು ಒದ್ದೆಯಾಯಿತು. ಬಜ್ಜಿಯ ಖಾರ ಇನ್ನೂ ಇತ್ತೆಂದು ಬೇಕಾದರೆ ಹೇಳಬಹುದು.

ಮ್ಯಾಚು ಶುರುವಾಯಿತು. ಗುಮಾಸ್ತರ ಸಾಲಿನಲ್ಲಿ, ಮ್ಯಾನೇಜರ್ ಸಾಹೇಬರಿಗೆ ಕಾಣುವಂತೆ ನಿಂತು ನಾನು ಚಪ್ಪಾಳೆ ತಟ್ಟಿದೆ. ಆದರೆ ನನ್ನ ಹೆಗಲ ಮೇಲಿನಿಂದ, "ನರಸಿಂಹುಲು ಮಾಮಾ! ಚೆಂಡು ಹಿಡಿ ಮಾಮಾ!" ಎಂಬ ಕೂಗು ಬಯಲಿಗೆಲ್ಲ ಕೇಳುತ್ತಿತ್ತು. ಸಾಹೇಬರು ಎರಡು ಸಲ ತಿರುಗಿ ನೋಡಿದರು. ಈ ಧ್ವನಿವರ್ಧಕ ನನ್ನದಲ್ಲ ಎಂಬಂತೆ ನಾನು ಆಕಾಶ ನೋಡಿದೆ.

ಮಾಮ ಹಿಡಿದೇ ಹಿಡಿದ. ನಮ್ಮವರು ಒದ್ದ ಚೆಂಡುಗಳೆಲ್ಲ ಅವನ ಕೈಯಲ್ಲಿ ನಿಂಬೆಹಣ್ಣುಗಳಾದವು. ಯಾರಿಗೂ ಗೋಲಿಲ್ಲ. ದ್ವಿತೀಯಾರ್ಧದಲ್ಲಿ ಅವನು ನಾವು ನಿಂತಿದ್ದ ಬದಿಯ ಗೋಲಿಗೆ ಬಂದ. ಹೆಗಲು ನೊಂದು ನಾನು ಮಗಳನ್ನು ಕೆಳಗಿಳಿಸಿದ್ದೇ ತಡ, ಅವಳು ಗೆರೆ ದಾಟಿ ನೇರ ಗೋಲಿನೊಳಗೆ ಓಡಿದಳು. ಅದೇ ಗಳಿಗೆಗೆ ನಮ್ಮ ಮುಂಚೂಣಿಯ ಆಟಗಾರ ಎದುರಿನಿಂದ ಸಿಡಿಲಿನಂತೆ ಚೆಂಡು ಒದ್ದ.

ಅಲ್ಲಿಯವರೆಗೆ ಒಂದು ಗೋಲನ್ನೂ ಬಿಡದ ಆ ಮನುಷ್ಯ ಚೆಂಡನ್ನು ನೋಡಿದ, ಮಗುವನ್ನು ನೋಡಿದ. ಚೆಂಡಿಗೆ ಬೆನ್ನು ತಿರುಗಿಸಿ, ಸುಶೀಲೆಯನ್ನು ಬಾಚಿ ಎದೆಗಪ್ಪಿ ಪಕ್ಕಕ್ಕೆ ಉರುಳಿದ. ಗೋಲು ಹಾಳು ಮನೆಯ ಬಾಗಿಲಿನಂತೆ ತೆರೆದು ನಿಂತಿತು.

ಆ ತೆರೆದ ಗೋಲಿನಲ್ಲಿ ಈಗ ಒಬ್ಬನೇ ಒಬ್ಬ ಇದ್ದ. ಮಗಳನ್ನು ಹಿಡಿಯಲು ಹಿಂದೆಯೇ ಓಡಿಬಂದಿದ್ದ ನಾನು! ಚೆಂಡು ಮುಖಕ್ಕೇ ಬರುತ್ತಿತ್ತು. ಮೂಗು ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದೆ. ಢಬ್! ಚೆಂಡು ನನ್ನ ಮಣಿಕಟ್ಟಿಗೆ ಬಡಿದು ಗೋಲಿನ ಮೇಲಿನಿಂದ ಹಾರಿ ಬಜ್ಜಿಯವನ ಬಾಣಲೆಯ ಪಕ್ಕ ಬಿತ್ತು.

ಗುಂತಕಲ್ಲಿನವರು ಕುಣಿದರು. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತ. ನಮ್ಮ ತಂಡಕ್ಕೆ ದಕ್ಕಬೇಕಾಗಿದ್ದ ಒಂದೇ ಒಂದು ಗೋಲನ್ನು ನಮ್ಮ ಪ್ರೆಸ್ಸಿನ ಗುಮಾಸ್ತನೇ ತಡೆದಿದ್ದ! ಮ್ಯಾಚು ಸಮಸಮವಾಗಿ ಮುಗಿಯಿತು. ಹೆಡ್ ಗುಮಾಸ್ತರ ಕುರ್ಚಿ ಕೋಟೆ ಗುಡ್ಡದ ಆಚೆಗೆ ಹಾರಿಹೋದದ್ದು ನನಗೆ ಕಣ್ಣಾರೆ ಕಂಡಿತು.

ಮಣಿಕಟ್ಟು ಬದನೆಕಾಯಿಯಂತೆ ಊದಿತು. ನರಸಿಂಹುಲು ನನ್ನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಛತ್ರಕ್ಕೆ ಒಯ್ದು ಜಗುಲಿಯಲ್ಲಿ ಕೂರಿಸಿ ತಣ್ಣೀರ ಬಟ್ಟೆ ಸುತ್ತಿದ. ಅವನ ಬೆನ್ನೆಲ್ಲ ತರಚಿ ಮಣ್ಣು ಮೆತ್ತಿತ್ತು. ಅದನ್ನು ಅವನು ಒರೆಸಿಕೊಂಡೂ ಇರಲಿಲ್ಲ.

"ಗೋಲ್ ಹೋಗಿದ್ರ ನಿಮ್ ತಂಡದವರು ಏನಂತಿದ್ರಪಾ?" ಎಂದೆ.

"ಅಂತಿದ್ರು ಸಾಮೀ. ಗೋಲು ಮತ್ತ ಹೊಡೀತೀವಿ. ಪಾಪನ್ನ ಎಲ್ಲಿಂದ ತರೋದು?" ಎಂದು ನಕ್ಕ. ಆಮೇಲೆ ನನ್ನನ್ನು ದಿಟ್ಟಿಸಿ, "ನೀವು ಉಂಡ್ರಾ?" ಎಂದ.

ಬೆಳಗಿನಿಂದ ನಾನು ತಿಂದದ್ದು ಒಂದು ಬಜ್ಜಿ. ಊಟದ ವಿಷಯ ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆ ದೊಡ್ಡ ಮುಖವನ್ನೇ ನೋಡುತ್ತ ಕೂತೆ. ಬೆರಗಿನಿಂದ ನನ್ನ ಬಾಯಿಯೂ ತೆರೆದುಕೊಂಡಿತ್ತು. ಅವನು ಉಳಿದ ಮೊಸರನ್ನ ಕಲಸಿ ಒಂದು ತುತ್ತು ಇಟ್ಟ. ಎಷ್ಟು ತಂಪು! ಸುಶೀಲೆ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ನನ್ನ ಮೇಲ್ವಿಚಾರಣೆಗೆ ತೊಡಗಿದಳು.

"ಚೆಂದ ಅಗೀಬೇಕಪ್ಪಾ."

ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಎದುರಾಳಿಗಳನ್ನು ಅಭಿನಂದಿಸಲು ಪರಿವಾರ ಸಮೇತ ಜಗುಲಿ ಹತ್ತಿದರು. ಅವರ ಹಿಂದೆ, ಸಾರಿನ ಕಲೆಯ ಧೋತರದ ಸಿದ್ದಲಿಂಗಪ್ಪನವರು. ಎಲ್ಲರೂ ನನ್ನನ್ನು ನೋಡಿ ನಿಂತರು.

ಸಾಹೇಬರ ಎದುರಿಗೆ ಬಾಯಿ ಮುಚ್ಚಿ ಎದ್ದು ನಿಲ್ಲಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇನ್ನೊಂದು ತುತ್ತು ಆಗಲೇ ಹೊರಟಿತ್ತು.

ಬಾಯಿ ತೆರೆದೇ ಇಟ್ಟೆ.