ಮೇಜಿನ ಹಾಸಿನ ಮೇಲಿನ ಕುರಿಮರಿ

ಗಂಡಸಿಗೆ ಕಾಲು ಮುರಿದರೆ ನೋವು ಅರ್ಧ ಕಷ್ಟ. ಇನ್ನರ್ಧ, ಹಗಲಿಡೀ ಹೆಂಡತಿಯ ಕಣ್ಣೆದುರು ಮಲಗಿರುವುದು. ಐವತ್ತೇಳನೇ ಇಸವಿಯಲ್ಲಿ ಬೆಳ್ಳಾರೆಯಿಂದ ಬಂದ ಬಸ್ಸು ಪುತ್ತೂರಿನಲ್ಲಿ ನಿಲ್ಲುವ ಮೊದಲೇ ನಾನು ಇಳಿದೆ. (ಬಸ್ಸಿನ ತಪ್ಪಿಲ್ಲ, ಅದು ಆಮೇಲೆ ಸರಿಯಾಗಿಯೇ ನಿಂತಿತಂತೆ.) ಎರಡು ತಿಂಗಳ ಶಯನೋತ್ಸವ ಪ್ರಾಪ್ತವಾಯಿತು.

ಇಪ್ಪತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬೈಬಲ್ ಕಲಿಸಿದವನಿಗೆ ದೇವರು ಕೊಟ್ಟ ಬಹುಮಾನ ಇದೇ ಏನು ಎಂದು ನನಗೆ ಸಿಟ್ಟು. ಪ್ರಾರ್ಥನೆ ಬಿಟ್ಟೆ. ಆ ಸಮಯವನ್ನು ಸಾರಿನ ಉಪ್ಪಿನ ವಿಚಾರಣೆಗೆ ಬಳಸಿದೆ. ಮೂರನೇ ವಾರ ನನ್ನ ಹೆಂಡತಿ ಜೀವರತ್ನ ಕ್ರೋಶಾ ಕಡ್ಡಿ, ನೂಲಿನ ಉಂಡೆ ತಂದು ಹಾಸಿಗೆಯ ಮೇಲಿಟ್ಟಳು.

"ಬಾಯಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ಕೈಗೆ ಕೆಲಸ ಉಂಟು."

"ಮಾಸ್ತರ ಹೆಣಿಗೆ ಮಾಡುದು ಅಂದ್ರೆ ಊರವರು ಎಂತ ಹೇಳ್ಯಾರು?"

"ನಾನು ಯಾರಿಗೂ ಹೇಳುದಿಲ್ಲ. ಬಾಗಿಲು ಹಾಕ್ತೇನೆ."

ಮೊದಲ ದಿನ ನೂಲು ಸಿಕ್ಕುಗಟ್ಟಿತು. ಕತ್ತರಿ ಕೇಳಿದೆ.

"ಕತ್ತರಿ ಎಂತಕ್ಕೆ? ತಪ್ಪಿದಲ್ಲಿವರೆಗೆ ಬಿಚ್ಚಿ, ಪುನಃ ಹೆಣೆಯಿರಿ. ನೂಲು ಹಾಳಾಗುದಿಲ್ಲ."

ಬಿಚ್ಚುತ್ತಾ ಕುಳಿತೆ. ದೇವರು ನನ್ನನ್ನು ಎಷ್ಟು ಸಲ ಹೀಗೆ ಬಿಚ್ಚಿ ಹೆಣೆದಿದ್ದಾನೋ, ಒಮ್ಮೆಯೂ ಕತ್ತರಿ ಎತ್ತಲಿಲ್ಲವಲ್ಲ ಎನ್ನಿಸಿತು. ಆ ದಿನ ಎಷ್ಟೋ ವಾರಗಳ ಮೇಲೆ ಪ್ರಾರ್ಥನೆ ಮಾಡಿದೆ.

ಮತ್ತೆ ನನ್ನನ್ನು ಹಿಡಿಯುವವರಿಲ್ಲ. ದೇವಾಲಯದಲ್ಲಿ ರೊಟ್ಟಿ, ದ್ರಾಕ್ಷಾರಸ ಇಡುವ ಪ್ರಭುಭೋಜನದ ಮೇಜಿಗೆ ಹಾಸು ಹೆಣೆದೆ. ನಡುವೆ ದೇವರ ಕುರಿಮರಿ.

ಕ್ರಿಸ್ಮಸ್ ದಿನ ಬೋಧಕರು ಅವಳದೇ ಕೆಲಸವೆಂದು ತಿಳಿದು ಹಾಸಿಗಾಗಿ ಜೀವರತ್ನಳಿಗೆ ವಂದನೆ ಹೇಳಿದರು. ಆರಾಧನೆ ಮುಗಿದ ಮೇಲೆ ಹೆಂಗಸರು ಅವಳನ್ನು ಸುತ್ತುವರಿದು, ಹಾಸಿನತ್ತ ನೋಡುತ್ತಾ ಪಿಸುಗುಟ್ಟಿದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ನನ್ನ ಹೊಗಳಿಕೆಯನ್ನೆಲ್ಲ ಅವಳೊಬ್ಬಳೇ ನುಂಗುವುದನ್ನು ನೋಡಿ ಸಹಿಸಲಾಗಲಿಲ್ಲ. ಕೋಲೂರಿಕೊಂಡು ಹೋಗಿ ಘೋಷಿಸಿದೆ: "ಮಹಿಳೆಯರೇ, ಆ ಕಲಾಕೃತಿಯ ಕರ್ತೃ ನಾನು."

ಸ್ತ್ರೀ ಸಮಾಜದ ಹಿರಿಯರಾದ ಹರಿಣಾಕ್ಷಿ ಬಾಯಿ ಕನ್ನಡಕ ಸರಿಮಾಡಿಕೊಂಡರು.

"ಹಾಗಾದ್ರೆ ಆ ನಾಯಿ ನಿಮ್ಮದಾ ಮಾಸ್ತ್ರೆ? ಪಾಪ, ಜೀವರತ್ನನ ಕಣ್ಣು ಮಂಜಾಗಿದೆ, ಡಾಕ್ಟರಿಗೆ ತೋರಿಸು ಅಂತ ನಾವು ಆಗದಿಂದ ಹೇಳ್ತಾ ಇದ್ದೇವೆ. ಅವಳೂ ಆಯ್ತು ಆಯ್ತು ಅಂತಿದ್ಳು."

ತಿರುಗಿ ನೋಡಿದೆ. ಕಿವಿ ನಿಮಿರಿತ್ತು, ಬಾಲ ಸುರುಳಿ ಸುತ್ತಿತ್ತು. ಬೊಗಳುವುದೊಂದು ಬಾಕಿ. ಬೋಧಕರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ, "ಗೊತ್ತಿದ್ರೆ ಮೊದಲೇ ಹೇಳಬಾರದಿತ್ತಾ?"

"ಹೆಣೆಯುವಾಗ ನೀವು ಕೀರ್ತನೆ ಹಾಡ್ತಾ ಇದ್ರಿ. ಮದುವೆಯಾದ ಮೇಲೆ ಮನೆಯಲ್ಲಿ ನೀವು ಹಾಡಿದ್ದು ನಾನು ಕೇಳಿದ್ದೇ ಇಲ್ಲ. ನಾಯಿಯಾದ್ರೂ ಅಡ್ಡಿಲ್ಲ ಅಂತ ಬಿಟ್ಟೆ."

ನನಗೆ ನಗು ಬಂತು, ಅವಳಿಗೂ ಬಂತು. ರಸ್ತೆ ಬದಿಯಲ್ಲಿ ನಿಂತು ಇಬ್ಬರೂ ನಕ್ಕೆವು.

ಈಗ ಗುರುವಾರ ಗುರುವಾರ ಸ್ತ್ರೀ ಸಮಾಜದ ಚಾಪೆಯ ತುದಿಯಲ್ಲಿ ನಾನೂ ಕೂರುತ್ತೇನೆ, ಏಕೈಕ ಪುರುಷ ಸದಸ್ಯ. ಪವಿತ್ರಾತ್ಮನ ಪಾರಿವಾಳವನ್ನು ಕೈಗೆತ್ತಿಕೊಂಡಿದ್ದೇನೆ. ಮೊನ್ನೆ ಹರಿಣಾಕ್ಷಿ ಬಾಯಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಸಲ ಅಡ್ಡಿಲ್ಲ ಮಾಸ್ತ್ರೆ," ಎಂದರು. "ಕೋಳಿ ಚೆಂದ ಬಂದಿದೆ."